ಪಾಲಣ್ಣ ಸೋಸಿದ ಪೆಟ್ರೋಲು

ವಿಮಾನ ಇಳಿದ ರೀತಿ ನೋಡಿಯೇ ಅಮ್ಜದನಿಗೆ ಗೊತ್ತಾಗಿಹೋಯಿತು. ಏರುವಾಗ ಇದ್ದ ಗತ್ತು ಇಳಿಯುವಾಗ ಇರಲಿಲ್ಲ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯ ಎಡಕ್ಕೆ, ಮಸಾರಿ ನೆಲವನ್ನು ಸಮ ಮಾಡಿ ರೋಲರ್ ಹೊಡೆಸಿದ ಉದ್ದನೆಯ ಕೆಂಪು ಪಟ್ಟಿಯ ಮೇಲೆ ಅದು ಒಮ್ಮೆ ಪುಟಿದು, ಇನ್ನೊಮ್ಮೆ ಪುಟಿದು, ಧೂಳೆಬ್ಬಿಸಿಕೊಂಡು ಶೆಡ್ಡಿನ ಮುಂದೆ ಬಂದು ನಿಂತಿತು. ಇಂಜಿನ್ ಬಂದಾದ ಮೇಲೂ ಸಾಹುಕಾರ ಪ್ರವೀಣಕುಮಾರ ಬಾಗಿಲು ತೆಗೆಯದೆ ಸುಮಾರು ಹೊತ್ತು ಒಳಗೇ ಕೂತಿದ್ದ. ಇಳಿದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಮತ್ತ ಕೆಮ್ಮಿತಲೋ ಅಮ್ಜದ್," ಎಂದ.

"ಎಷ್ಟೊತ್ತಿಗ್ರಿ?"

"ಅರ್ಧ ತಾಸು ಆಗಿತ್ತು. ಹಡಗಲಿ ಮುಟ್ಟಿ ತಿರುವಿಕೊಂಡಿದ್ದೆ. ಇಂಜಿನ್ ಒಮ್ಮಿಗೇ ಸೋಲಾಕ ಹತ್ತಿತು. ಥ್ರಾಟಲ್ ಹಿಂದಕ್ಕ ಎಳಕೊಂಡೆ, ಸುಮ್ನಾತು. ಹಂಗಾ ಮೆಲ್ಲಕ ಮೆಲ್ಲಕ ಬಂದೆ. ಪೆಟ್ರೋಲ್ ಯಾರು ಸೋಸಿದ್ರು ಈ ಸಲ?"

"ನಾನಾ ಸೋಸೀನ್ರಿ."

ಸಾಹುಕಾರ ಮುಂದೆ ಏನೂ ಕೇಳಲಿಲ್ಲ, ಕಾರು ಹತ್ತಿಕೊಂಡು ಹೋದ. ಕೇಳಿದ್ದರೇ ಚೆನ್ನಾಗಿತ್ತು. ಪೆಟ್ರೋಲಿಗೆ ನೀರು ಬೆರೆತಿದೆ, ಪಾಲಣ್ಣ ಸರಿಯಾಗಿ ಸೋಸಿಲ್ಲ ಎಂದು ನಾಲ್ಕು ಜನರ ಮುಂದೆ ಗಾಜಿನ ಬಟ್ಟಲು ಎತ್ತಿ ತೋರಿಸಿದವನು ಇದೇ ಅಮ್ಜದ್. ಅವನ ಮಾತಿನ ಮೇಲೆ ಪಾಲಣ್ಣನನ್ನು ಮನೆಗೆ ಕಳಿಸಿ ಹದಿನೇಳು ದಿನವಾಗಿತ್ತು. ಪಾಲಣ್ಣ ಹೋದರೂ ಕೆಮ್ಮು ಹೋಗಲಿಲ್ಲವೆಂದರೆ ಅದರ ಅರ್ಥ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ವಿಮಾನ ಇಟ್ಟುಕೊಳ್ಳುವುದೆಂದರೆ ಎಮ್ಮೆ ಕಟ್ಟಿದಂತಲ್ಲ, ಎಮ್ಮೆ ಹಾಲಾದರೂ ಕೊಡುತ್ತದೆ. ಕೊಟ್ಟೂರಿನ ಎಣ್ಣೆ ಮಿಲ್ಲಿನ ಮನೆತನದ ಪ್ರವೀಣಕುಮಾರನಿಗೆ ಕಾಲೇಜು ದಿನಗಳಿಂದ ಹಾರುವ ಹುಚ್ಚು. ಲೈಸೆನ್ಸು ಮಾಡಿಸಿಕೊಂಡಿದ್ದ. ಎಲ್ಲೋ ಮುಚ್ಚಿಹೋದ ಫ್ಲೈಯಿಂಗ್ ಕ್ಲಬ್ಬಿನಿಂದ ಎರಡು ಸೀಟಿನ ಈ ಹಳೆಯ ಸೆಸ್ನಾ ತಂದ. ಅದು ಅಮ್ಜದನಿಗಿಂತ ಎರಡು ವರ್ಷ ದೊಡ್ಡದು. ಒಂದು ದಿನ ಹಾರಿಸಿದರೆ ಮೂರು ದಿನ ಅದರ ಸೇವೆ. ಟೈರಿಗೆ ಗಾಳಿ ನಿಲ್ಲದು, ಬ್ಯಾಟರಿ ಕೂರುತ್ತದೆ, ಬಾಗಿಲ ರಬ್ಬರು ಬಿಸಿಲಿಗೆ ಕರಗಿ ಕೈಗೆ ಅಂಟುತ್ತದೆ, ಒಂದು ಸಣ್ಣ ಬಿಡಿಭಾಗಕ್ಕೆ ತಿಂಗಳು ಕಾಯಬೇಕು. ಹಾರಲು ಯೋಗ್ಯವೆಂದು ಸಹಿ ಹಾಕುವ ದೊಡ್ಡ ಇಂಜಿನಿಯರು ಬೆಂಗಳೂರಿನಿಂದ ತಮಗೆ ಬಿಡುವಾದಾಗ ಬರುತ್ತಿದ್ದರು. ಉಳಿದ ದಿನಗಳ ಆರೈಕೆ ಅಮ್ಜದನದು. ಕೊಟ್ಟೂರು ಬಸ್‌ಸ್ಟ್ಯಾಂಡಿನ ಹಿಂದೆ ಅವನಪ್ಪ ದಾವಲ್ ಸಾಬರು ಹಾಕಿದ ಗ್ಯಾರೇಜಿನಲ್ಲಿ ಲಾರಿ, ಟ್ರ್ಯಾಕ್ಟರುಗಳ ನಡುವೆ ಬೆಳೆದ ಕೈ. ಲಾರಿ ಬೀದಿಯ ತಿರುವಿನಲ್ಲಿ ಬರುವಾಗಲೇ ಅದರ ರೋಗ ಹೇಳುತ್ತಾನೆ ಎಂದು ಡ್ರೈವರುಗಳು ಹೊಗಳಿ ಹೊಗಳಿ ಅವನ ತಲೆ ತಿರುಗಿಸಿಟ್ಟಿದ್ದರು.

ಪೆಟ್ರೋಲಿನ ಕೆಲಸ ಮಾತ್ರ ಪಾಲಣ್ಣನದು. ಕೋಗಳಿಯವನು. ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಎಣ್ಣೆ ಸೋಸಿದ ಮನುಷ್ಯ. ಇವನಷ್ಟು ಸಮಾಧಾನದಿಂದ ಸೋಸುವವರು ತಾಲ್ಲೂಕಿನಲ್ಲೇ ಇಲ್ಲ ಎಂದು ಸಾಹುಕಾರನೇ ಅವನನ್ನು ಶೆಡ್ಡಿಗೆ ಕರೆತಂದಿದ್ದ. ವಿಮಾನದ ಪೆಟ್ರೋಲು ಬೆಂಗಳೂರಿನಿಂದ ಡ್ರಮ್ಮುಗಳಲ್ಲಿ ಬರುತ್ತದೆ. ಡ್ರಮ್ಮಿನಲ್ಲಿ ನೀರಿನ ಪಸೆ ಇದ್ದರೂ ಇರಬಹುದೆಂದು ಅದನ್ನು ಮೆದು ತೊಗಲಿನಲ್ಲಿ ಸೋಸಿಯೇ ಟ್ಯಾಂಕಿಗೆ ಬಿಡಬೇಕು. ತೊಗಲನ್ನು ಮೊದಲು ಪೆಟ್ರೋಲಿನಲ್ಲೇ ನೆನೆಸಿ ಲಾಳಿಕೆಗೆ ಹಾಸಿದರೆ ಪೆಟ್ರೋಲು ಇಳಿಯುತ್ತದೆ, ನೀರು ಮೇಲೇ ನಿಲ್ಲುತ್ತದೆ. ಪಾಲಣ್ಣ ಒಂದು ಡ್ರಮ್ಮಿಗೆ ಅರ್ಧ ದಿನ ಹಿಡಿಯುತ್ತಿದ್ದ. ನಡುವೆ ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ.

ಇಂಜಿನ್ ಮೊದಲ ಸಲ ಕೆಮ್ಮಿದ್ದು ಆಯುಧಪೂಜೆ ಕಳೆದು ಹತ್ತು ದಿನಕ್ಕೆ, ಪೂಜೆಯ ಮೇಲಿನ ಮೊದಲ ದೂರದ ಹಾರಾಟದಲ್ಲಿ. ಸಾಹುಕಾರ ಇಳಿದವನೇ "ಕೆಮ್ಮಾಕ ಹತ್ತಿತು" ಎಂದ. ಮರುದಿನ ಬೆಳಿಗ್ಗೆ ಅಮ್ಜದ್ ಟ್ಯಾಂಕಿನ ತಳದಿಂದ ಗಾಜಿನ ಬಟ್ಟಲಿಗೆ ಒಂದಿಷ್ಟು ಪೆಟ್ರೋಲು ಹಿಡಿದು ನೋಡಿದರೆ ಜೋಳದ ಕಾಳಿನಷ್ಟು ನೀರು ಅಡಿಯಲ್ಲಿ ಗುಂಡಗೆ ಕೂತಿತ್ತು. ಅವನು ಹಿಂದೆ ಮುಂದೆ ನೋಡಲಿಲ್ಲ. ಸಾಹುಕಾರನ ತಾಯಿ ಕಲ್ಯಾಣಮ್ಮ ಮಗನಿಗೆ ತಿಂಡಿ ತಂದು ನಿಂತಿದ್ದರು, ಡ್ರೈವರುಗಳಿದ್ದರು. ಎಲ್ಲರಿಗೂ ಕಾಣುವಂತೆ ಬಟ್ಟಲು ಎತ್ತಿ ಹಿಡಿದ.

"ನೋಡ್ರಿ, ನೀರು. ಇದು ಸೋಸಿದ ಪೆಟ್ರೋಲ್ ಅಲ್ಲ."

"ಸೋಸೀನ್ರಿ," ಎಂದ ಪಾಲಣ್ಣ.

"ಸೋಸಿದ್ರ ನೀರು ಹೆಂಗ ಬಂತು ಮಾಮ? ಆಕಾಶದಿಂದ ಉದುರಿತಾ?"

"ನನ್ನ ಮಗನ್ನ ನುಂಗಿ ನೀರು ಕುಡಿತಿದ್ದೆಲ್ಲೋ ಪಾಲಣ್ಣ," ಎಂದರು ಕಲ್ಯಾಣಮ್ಮ.

ಪಾಲಣ್ಣ ಇನ್ನೆರಡು ಸಲ "ಸೋಸೀನ್ರಿ ಅವ್ವಾರ" ಎಂದ. ಆಮೇಲೆ ತೊಗಲನ್ನು ಮೊಳೆಗೆ ತೂಗುಹಾಕಿ, ಚಪ್ಪಲಿ ಮೆಟ್ಟಿಕೊಂಡು ರಸ್ತೆ ಕಡೆ ನಡೆದ. ಮುಂದಿನ ಎರಡು ವಾರ ಸಾಹುಕಾರ ಹತ್ತು, ಹದಿನೈದು ನಿಮಿಷದ ಸುತ್ತು ಹಾಕಿ ಇಳಿದನಷ್ಟೇ. ವಿಮಾನ ಚಕಾರವೆತ್ತಲಿಲ್ಲ. ಎಲ್ಲರೂ ಅಮ್ಜದನ ಬೆನ್ನು ತಟ್ಟಿದರು, ಅವನೂ ತಟ್ಟಿಸಿಕೊಂಡ.

ಈಗ ನೋಡಿ. ವಿಮಾನ ಪುಟಿದು ಇಳಿದ ಆ ಗುರುವಾರ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಅಮ್ಜದ್ ಇಂಜಿನ್ನಿಗೆ ಮುಖ ಕೊಟ್ಟು ನಿಂತ. ಪ್ಲಗ್ಗುಗಳನ್ನು ಬಿಚ್ಚಿ ನೋಡಿದ, ಕಾರ್ಬೊರೇಟರಿನ ಜಾಲರಿ ತೊಳೆದ, ಪೆಟ್ರೋಲು ಬರುವ ನಳಿಕೆಗಳನ್ನೆಲ್ಲ ಊದಿ ನೋಡಿದ. ಎಲ್ಲಾ ಸ್ವಚ್ಛ. ಬಟ್ಟಲಿನಲ್ಲಿ ನೀರಿನ ಹನಿಯೂ ಇಲ್ಲ. ಇದ್ದಿದ್ದರೆ ಖುಷಿಪಡುತ್ತಿದ್ದನೇನೋ. ಇಂಜಿನ್ ಚಾಲೂ ಮಾಡಿದರೆ ಐದು ನಿಮಿಷ ಗಡಿಯಾರದಂತೆ ಓಡಿತು. ಅದಕ್ಕಿಂತ ಹೆಚ್ಚು ನೆಲದ ಮೇಲೆ ಓಡಿಸುವಂತಿಲ್ಲ, ಎದುರು ಗಾಳಿ ಸಿಗದೆ ಬಿಸಿಯೇರುತ್ತದೆ. ಮೇಲೆ ಹೋಗಿ ಅರ್ಧ ತಾಸಿಗೆ ಬರುವ ರೋಗವನ್ನು ನೆಲದ ಮೇಲೆ ಐದು ನಿಮಿಷದಲ್ಲಿ ಹಿಡಿಯುವುದು ಹೇಗೆ? ಮನೆಗೆ ಹೋಗಿ ತಟ್ಟೆ ಮುಂದೆ ಕೂತ, ಎರಡು ತುತ್ತಿಗೆ ಎದ್ದ. ಹೆಂಡತಿ ಅಸ್ಫಿಯಾ ಏನಾಗಿದೆ ಎಂದು ಕೇಳಿದ್ದಕ್ಕೆ ಸುಮ್ಮಸುಮ್ಮನೆ ರೇಗಿದ. ಅಂಗಳದಲ್ಲಿ ಹೋಗುವುದು ಬರುವುದು, ಹೋಗುವುದು ಬರುವುದು. ಪಾಲಣ್ಣನ ಹೆಸರು ಮನಸ್ಸಿಗೆ ಬಂದಾಗೆಲ್ಲ ಅದನ್ನು ಆಚೆ ನೂಕಿ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಬಗ್ಗೆ ಯೋಚಿಸುತ್ತಿದ್ದ.

ಬೆಳಿಗ್ಗೆ ಸಾಹುಕಾರ ಶೆಡ್ಡಿಗೆ ಬಂದಾಗ ಅಮ್ಜದ್ ಆಗಲೇ ಅಲ್ಲಿದ್ದ.

"ಬೆಂಗಳೂರಿಗೆ ಫೋನ್ ಮಾಡಿದ್ದೆ," ಎಂದ ಸಾಹುಕಾರ. "ಇಂಜಿನಿಯರು ಇಪ್ಪತ್ತನೇ ತಾರೀಕಿಗೆ ಬರ್ತಾರಂತ. ಅಲ್ಲೀತನ ಹಾರಿಸಬ್ಯಾಡ್ರಿ ಅಂತಾರ. ಐತವಾರ ಅವ್ವನ್ನ ಮಾಗಳಕ್ಕ ಕರಕೊಂಡು ಹೋಗ್ತೀನಿ ಅಂತ ಹೇಳಿಬಿಟ್ಟೀನಿ. ತವರುಮನಿ ಮ್ಯಾಲಿಂದ ನೋಡಬೇಕಂತ ವರ್ಷದಿಂದ ಕಾಯ್ತಾಳ. ಏನ್ ಮಾಡಾಣ?"

ಕಲ್ಯಾಣಮ್ಮನವರನ್ನು ಆ ಸೀಟಿನಲ್ಲಿ ಕೂರಿಸುವ ಮಾತು ಕೇಳಿ ಅಮ್ಜದ್ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ.

"ಅವ್ವಾರ ಕುಂದ್ರೂಕಿಂತ ಮೊದ್ಲು ನಾ ಕುಂದರ್ತೀನ್ರಿ," ಎಂದ. "ಇವತ್ತಾ ಹೋಗೋಣ. ಊರ ಸುತ್ತಾನಾ ಇರ್ರಿ, ಕೆಮ್ಮಿದ ಕೂಡ್ಲೇ ಇಳಸಾಕ ಬರಬೇಕು. ನಾ ಒಂದ್ಸಲ ಅದನ್ನ ಕಿವಿಯಾರ ಕೇಳಬೇಕು."

ಸಾಹುಕಾರ ನಕ್ಕುಬಿಟ್ಟ. ಯಾಕೆಂದರೆ ನಾಲ್ಕು ವರ್ಷದಿಂದ ವಿಮಾನದ ಆರೈಕೆ ಮಾಡಿದ ಅಮ್ಜದ್ ಒಂದು ದಿನವೂ ಅದರಲ್ಲಿ ಹಾರಿರಲಿಲ್ಲ. ಕರೆದಾಗೆಲ್ಲ, ನನ್ನ ಕೆಲಸ ನೆಲದ ಮೇಲಿಂದು ಎಂದು ಜಾರಿಕೊಳ್ಳುತ್ತಿದ್ದ. ತಾನೇ ಬಿಗಿದ ನಟ್ಟುಬೋಲ್ಟಿನ ಮೇಲೆ ತನಗೇ ಧೈರ್ಯವಿಲ್ಲ ಎಂದು ಡ್ರೈವರುಗಳು ರೇಗಿಸುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನೆಲ ಬಿಟ್ಟಾಗ ಅವನು ಕಣ್ಣು ಮುಚ್ಚಿದ. ಗೊತ್ತಿದ್ದ ದುವಾಗಳನ್ನೆಲ್ಲ ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದ. ಕಣ್ಣು ಬಿಟ್ಟಾಗ ಕೊಟ್ಟೂರು ಕೆಳಗೆ ಅಂಗೈ ಅಗಲ ಇತ್ತು. ದೂರದಲ್ಲಿ, ಹಗರಿಬೊಮ್ಮನಹಳ್ಳಿ ಕಡೆ, ಮಾಲವಿ ಜಲಾಶಯದ ತಳದಲ್ಲಿ ಉಳಿದ ನೀರು ಮಿನುಗುತ್ತಿತ್ತು. ಹತ್ತು ನಿಮಿಷ, ಹದಿನೈದು, ಇಪ್ಪತ್ತು. ಅಮ್ಜದ್ ಕೆಳಗೆ ನೋಡುವುದನ್ನು ಬಿಟ್ಟು ಇಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು ಕೂತ. ಕೊಟ್ಟೂರಿನ ಮೇಲೆ ಮತ್ತೊಂದು ಸುತ್ತು ಹಾಕುವಾಗ, ಇಪ್ಪತ್ತೆಂಟನೇ ನಿಮಿಷಕ್ಕೆ, ಅದು ಬಂತು.

ಅದು ಕೆಮ್ಮಾಗಿರಲಿಲ್ಲ. ನೀರು ಬಂದರೆ ಇಂಜಿನ್ ಧಡಕ್ಕೆಂದು ಬಡಿಯುತ್ತದೆ, ಸಾಯುತ್ತದೆ, ಮತ್ತೆ ಹಿಡಿಯುತ್ತದೆ. ಇದು ಹಾಗಲ್ಲ. ಇದು ಮೆಲ್ಲಗೆ ಸೋಲುತ್ತಿತ್ತು, ಬೆಟ್ಟ ಹತ್ತುವ ಮುದುಕನಿಗೆ ಉಸಿರು ಸಾಲದೆ ಬಂದಂತೆ. ಸಾಹುಕಾರ ಥ್ರಾಟಲ್ ಎಳೆದು ಪೆಟ್ರೋಲಿನ ಹರಿವು ತಗ್ಗಿಸಿದ, ಇಂಜಿನ್ ಸಮಾಧಾನವಾಯಿತು. ಈ ಸದ್ದನ್ನು ಅಮ್ಜದ್ ಎಷ್ಟು ಟ್ರ್ಯಾಕ್ಟರಿನಲ್ಲಿ ಕೇಳಿಲ್ಲ? ಟ್ಯಾಂಕಿನ ಮುಚ್ಚಳದ ಸಣ್ಣ ತೂತಿಗೆ ಕೆಸರು ಮೆತ್ತಿ, ಒಳಗೆ ಗಾಳಿ ಹೋಗದೆ, ಎಣ್ಣೆ ಕೆಳಗಿಳಿಯದೆ ಗಾಡಿ ಹೊಲದ ನಡುವೆ ನಿಂತುಬಿಡುತ್ತದೆ. ಮುಚ್ಚಳ ಸಡಿಲಿಸಿದರೆ ಮತ್ತೆ ಹೊರಡುತ್ತದೆ. ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದ. ಅವನು ಕೇಳಿಯೇ ಇರಲಿಲ್ಲ. ಇನ್ನೊಬ್ಬರ ಬಾಯಿಂದ ಬಂದ "ಕೆಮ್ಮು" ಎಂಬ ಒಂದು ಮಾತು ಹಿಡಿದು ರೋಗ ಹೇಳಿದ್ದ.

ಇಳಿದು, ಮೂತಿಯ ಪಂಖ ನಿಲ್ಲುವುದೇ ತಡ, ಅಮ್ಜದ್ ಏಣಿ ಹಾಕಿ ರೆಕ್ಕೆಯ ಮೇಲೆ ಹತ್ತಿದ. ಟ್ಯಾಂಕಿನ ಮುಚ್ಚಳ ತಿರುವಿದ. ಒಳಗಿನಿಂದ ಸುಯ್ಯೆಂದು ಸದ್ದು ಬಂತು. ಹೊರಗಿನ ಗಾಳಿಯನ್ನು ಟ್ಯಾಂಕು ಹತ್ತು ಎಣಿಸುವಷ್ಟು ಹೊತ್ತು ಎಳೆದುಕೊಂಡಿತು. ಯಾವಾಗಲೂ ಮುಚ್ಚಳ ತೆಗೆಯುತ್ತಿದ್ದುದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಗಾಳಿ ಸಂದಿಗೊಂದಿಯಲ್ಲಿ ನುಸುಳಿ ಎಲ್ಲ ಸರಿಹೋಗಿರುತ್ತಿತ್ತು.

"ಟ್ಯಾಂಕಿಗೆ ಉಸಿರು ಕಟ್ಟೈತ್ರಿ," ಎಂದ.

ಈ ವಿಮಾನದ ಮುಚ್ಚಳದಲ್ಲಿ ತೂತಿಲ್ಲ. ಎರಡೂ ಟ್ಯಾಂಕಿಗೆ ಗಾಳಿ ಹೋಗುವುದು ಎಡ ರೆಕ್ಕೆಯ ಅಡಿಗೆ ಚಾಚಿಕೊಂಡ ಕಿರುಬೆರಳ ಗಾತ್ರದ ಒಂದು ಕೊಳವೆಯಿಂದ. ಅಮ್ಜದ್ ತಂತಿ ತಂದು ಅದರೊಳಗೆ ಆಡಿಸಿದ. ಸಿಕ್ಕಿತು. ಕೊಕ್ಕೆ ಮಾಡಿ ಮೆಲ್ಲಗೆ ಎಳೆದ. ಎರಡು ಅಂಗುಲದ ಕಪ್ಪಗಾದ ದಂಟು ಹೊರಬಂತು, ಅದಕ್ಕೊಂದು ಹೂಮಾಲೆಯ ದಾರ ಸುತ್ತಿಕೊಂಡಿತ್ತು. ಸೇವಂತಿಗೆ ದಂಟು.

ಅಮ್ಜದ್ ಅಲ್ಲೇ ಕುಕ್ಕರಿಸಿದ. ಆಯುಧಪೂಜೆ ದಿನ ವಿಮಾನಕ್ಕೆ ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆದಿದ್ದರು. ಕಲ್ಯಾಣಮ್ಮ ಬುಟ್ಟಿ ಹಿಡಿದು ಮೂತಿಯಿಂದ ಬಾಲದವರೆಗೆ ಒಂದು ಸಂದಿ ಬಿಡದೆ ಹೂವೇರಿಸಿದರು. ಎಡರೆಕ್ಕೆಯ ಅಡಿಗೆ ಬಂದಾಗ ಕೈ ನಿಲುಕಲಿಲ್ಲ. "ಇದು ಹೂವಿಗಂತಾ ಮಾಡ್ಯಾರ ನೋಡು, ಇಲ್ಲೊಂದು ಸಿಗಸಪ್ಪ ಅಮ್ಜದ್" ಎಂದು ಎರಡು ಸೇವಂತಿಗೆ ಕೊಟ್ಟರು. ಅವನು ದಂಟಿನ ಸಮೇತ ಒತ್ತಿ ಸಿಗಿಸಿದ. ಸಂಜೆ ಹೂಗಳನ್ನೆಲ್ಲ ಕಿತ್ತವನೂ ಅವನೇ. ಹೂ ಕೈಗೆ ಬಂತು. ದಂಟು ಬಂತೋ ಇಲ್ಲವೋ ನೋಡಲಿಲ್ಲ.

ಸಾಹುಕಾರ ದಂಟನ್ನು ಅಂಗೈಯಲ್ಲಿಟ್ಟುಕೊಂಡು ಮೊದಲು ಗಟ್ಟಿಯಾಗಿ ನಕ್ಕ. ನಗು ಅರ್ಧಕ್ಕೇ ನಿಂತಿತು.

"ಇದು ಅವ್ವಗ ಗೊತ್ತಾಗಬಾರದು," ಎಂದ. "ಪೂಜಿ ಹೂವು ಮಗನ ಜೀವ ತಗೀತಿತ್ತು ಅಂತ ಗೊತ್ತಾದ್ರ ಎದಿ ಒಡಕೊಳ್ತಾಳ."

"ಮತ್ತ ಪಾಲಣ್ಣ?"

"ಪಾಲಣ್ಣಗ ಆಮ್ಯಾಲೆ ಮಿಲ್ಲಿನ್ಯಾಗ ಏನರ ಕೆಲಸ ಕೊಟ್ರಾತು. ಈಗ ಕೆದರಬ್ಯಾಡ. ನಿನಗೂ ಅದಾ ಛಲೋ ಅಲ್ಲೇನು?"

ಅಮ್ಜದ್ ತಲೆಯಾಡಿಸಿದ. ಸುಳ್ಳು ಯಾಕೆ ಹೇಳಬೇಕು, ಅವನ ಎದೆ ಹಗುರಾಯಿತು. ತನ್ನ ಹೆಸರು ಉಳಿಯಿತು ಎಂದು ಅನ್ನಿಸಿದ್ದು ಮೊದಲು, ನಾಚಿಕೆಯಾದದ್ದು ಆಮೇಲೆ. ಆದರೆ ಆ ನಾಚಿಕೆ ಬಂದದ್ದು ಹೋಗಲಿಲ್ಲ. ಶನಿವಾರ ಗ್ಯಾರೇಜಿನಲ್ಲಿ ಒಂದೇ ಬೋಲ್ಟನ್ನು ಮೂರು ಸಲ ಬಿಚ್ಚಿ ಹಾಕಿದ.

ಭಾನುವಾರ ವಿಮಾನ ಮಾಗಳಕ್ಕೆ ಹೋಗಿ ಬಂತು. ಒಂದು ತಾಸು ಹತ್ತು ನಿಮಿಷ, ಒಂದು ಅಪಸ್ವರವಿಲ್ಲ. ಕಲ್ಯಾಣಮ್ಮ ಹೊಳೆ ನೋಡಿದರು, ಗುಡಿ ನೋಡಿದರು, ತವರುಮನೆಯ ಮಾಳಿಗೆಯ ಮೇಲೆ ನಿಂತು ಸೀರೆಯ ಸೆರಗು ಬೀಸಿದವರನ್ನೂ ನೋಡಿದರು. ಇಳಿದಾಗ ಮುಖ ಅರಳಿತ್ತು. ನೆಂಟರಿಷ್ಟರು ಮೂವತ್ತು ಜನ ಶೆಡ್ಡಿನ ಮುಂದೆ ಸೇರಿದ್ದರು. ಎಲ್ಲರಿಗೂ ಪೇಡೆ ಹಂಚಿದರು.

"ಪಾಲಣ್ಣ ಹೋದಮ್ಯಾಲೆ ನೋಡ್ರಿ, ಒಂದು ತ್ರಾಸಿಲ್ಲ," ಎಂದರು. "ಮೈಗಳ್ಳ. ಇಪ್ಪತ್ತು ವರ್ಷ ನಮ್ಮನಿ ಅನ್ನ ಉಂಡಾನ. ಈ ಅಮ್ಜದ್ ಹಿಡಿದು ಕೊಡದಿದ್ರ ನನ್ನ ಮಗ ಎಲ್ಲಿರತಿದ್ದ? ತಗಳಪ್ಪ, ನೀ ಎರಡು ತಗ."

ಅಮ್ಜದ್ ಎರಡು ಪೇಡೆ ಹಿಡಿದುಕೊಂಡು ಸಾಹುಕಾರನ ಕಡೆ ನೋಡಿದ. ಸಾಹುಕಾರ ಟೈರು ನೋಡುತ್ತಿದ್ದ. ಅಮ್ಜದ್ ಪೇಡೆಗಳನ್ನು ಜೇಬಿಗೆ ಹಾಕಿಕೊಂಡ. ತಾನು ಮಾತಾಡದಿದ್ದರೆ ಪಾಲಣ್ಣನ ಹೆಸರು ಇದ್ದಲ್ಲೇ ಇರುತ್ತದೆ ಎಂದುಕೊಂಡಿದ್ದ ಅವನು. ಅದು ದಿನದಿನಕ್ಕೆ ಇನ್ನಷ್ಟು ಹಾಳಾಗುತ್ತಿತ್ತು.

ಸೋಮವಾರ ಗ್ಯಾರೇಜಿನ ಬಾಗಿಲು ತೆಗೆಯದೆ ಗಾಡಿ ಹತ್ತಿ ಕೋಗಳಿಗೆ ಹೋದ. ಪಾಲಣ್ಣನ ಮನೆ ಬಸದಿಯ ಹಿಂದಿನ ಓಣಿಯಲ್ಲಿ. ಅವನ ಹೆಂಡತಿ ದ್ಯಾಮಕ್ಕ ಹೊರಗೆ ಮೆಣಸಿನಕಾಯಿ ಹರವುತ್ತಿದ್ದಳು. ಅಮ್ಜದನನ್ನು ನೋಡಿ ಮುಖ ಬಿಗಿದುಕೊಂಡಳು.

"ಇನ್ನೇನು ಉಳಿದೈತಿ ಅಂತ ಬಂದೀರಿ?" ಎಂದಳು. "ಎಲ್ಲಿಗೂ ಕೆಲಸಕ್ಕ ಹೋಗವಲ್ಲ. ಒಳಗ ಕುಂತಾನ ನೋಡ್ರಿ."

ಪಾಲಣ್ಣ ಗೋಡೆಗೊರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ಆದರೆ ಅಮ್ಜದ್ ಎದುರಿಸಲು ತಯಾರಾಗಿ ಬಂದಿದ್ದ ಸಿಟ್ಟು ಅವನ ಮುಖದಲ್ಲಿರಲಿಲ್ಲ. ಪಾಲಣ್ಣ ಎದ್ದು ಅವನ ಕೈ ಹಿಡಿದುಕೊಂಡ.

"ನಾನಾ ಬರೋನಿದ್ದೆ ಅಮ್ಜದ್. ನೀ ಅಂದಿದ್ದು ಖರೆ ಐತಿ. ಮೊದ್ಲು ನೆನಪಾಗಿರ್ಲಿಲ್ಲ. ಕುಂತು ಕುಂತು ವಿಚಾರ ಮಾಡಿದೆ, ನೆನಪಾತು. ಆವತ್ತು ಮಳಿ ಜಿನುಗಿತ್ತು. ತೊಗಲು ಮೊಳಿಗಿ ಇತ್ತಲ್ಲ, ತೊಯ್ದಿತ್ತು. ಹಿಂಡಿ ಹಂಗಾ ಹಾಸಿಬಿಟ್ಟೆ. ನೀರಾಗ ನೆನದ ತೊಗಲು ನೀರು ತಡಿಯಂಗಿಲ್ಲ. ಗೊತ್ತಿದ್ದೂ ಮಾಡೀನಿ. ಸಾವ್ಕಾರ್ರು ಉಳಿದಿದ್ದು ದೊಡ್ಡದು."

ಅಮ್ಜದ್ ಬೆಪ್ಪಾಗಿ ನಿಂತ. ಇಡೀ ದಾರಿ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಕಲೆಸಿಹೋದವು. ಇವನೇ ಒಪ್ಪಿಕೊಳ್ಳುತ್ತಿದ್ದಾನೆ. ಒಂದು ಲೋಟ ಚಹಾ ಕುಡಿದು, ಹೋಗ್ಲಿ ಬಿಡು ಮಾಮ ಎಂದು ದೊಡ್ಡವನಾಗಿ ಎದ್ದು ಹೋದರೆ ಕೇಳುವವರು ಯಾರು? ಆ ಯೋಚನೆ ಬಂತು, ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

"ಇಲ್ಲ ಮಾಮ," ಎಂದ. "ನೀ ಏನೂ ಮಾಡಿಲ್ಲ." ದಂಟಿನ ಕತೆಯನ್ನು ಒಂದೂ ಬಿಡದೆ ಹೇಳಿದ. ತಾನು ಸಿಗಿಸಿದ್ದು, ತಾನೇ ಅರ್ಧ ಕಿತ್ತಿದ್ದು, ಶುಕ್ರವಾರ ಸಿಕ್ಕಿದ್ದು, ಭಾನುವಾರದವರೆಗೂ ಬಾಯಿ ಮುಚ್ಚಿಕೊಂಡಿದ್ದು.

"ಮತ್ತ ಆ ನೀರಿನ ಹನಿ?"

"ತಂಪಿಗೆ ಟ್ಯಾಂಕಿನೊಳಗ ಒಂದು ಹನಿ ಕಟ್ಟಿರತೈತಿ. ಅದಕ್ಕಾ ಬೆಳಿಗ್ಗೆ ತೆಗೆದು ನೋಡೋದು. ಅಷ್ಟು ನೀರಿಗೆ ಇಂಜಿನ್ ನಿಲ್ಲಂಗಿಲ್ಲ. ನನಗ ಆವತ್ತೂ ಗೊತ್ತಿತ್ತು ಮಾಮ. ಎಲ್ಲಾರೂ ನನ್ನ ಮಕ ನೋಡಾಕ ಹತ್ತಿದ್ರು. ಏನರ ಹೇಳಬೇಕಾಗಿತ್ತು."

ಪಾಲಣ್ಣ ನಂಬಲಿಲ್ಲ. "ನನಗ ನೆನಪೈತಲೋ," ಎಂದ. "ತೊಗಲು ತೊಯ್ದಿತ್ತು."

"ಆ ವಾರ ಮಳಿ ಎಲ್ಲಿತ್ತು ಮಾಮ? ದಸರಾಕ್ಕ ಮೊದಲಾ ಹೋಗಿದ್ದು, ಇನ್ನಾ ಬಂದಿಲ್ಲ."

ಪಾಲಣ್ಣ ಹೆಂಡತಿಯ ಕಡೆ ನೋಡಿದ. ಬಾಗಿಲಲ್ಲಿ ನಿಂತಿದ್ದ ದ್ಯಾಮಕ್ಕ ಹೌದೆಂದು ತಲೆಯಾಡಿಸಿದಳು. "ಮಳಿ ಆಗಿಲ್ಲ ಅಂತ ನಾನೂ ಬಡಕೊಂಡೆ," ಎಂದಳು. "ಕೇಳ್ಲಿಲ್ಲ. ದೇವರ ಮುಂದ ಕಾಯಿ ಒಡದು ತಪ್ಪು ಒಪ್ಪಿಕೊಂಡು ಬಂದಾನ."

"ಮತ್ತ ನನಗ್ಯಾಕ ನೆನಪೈತಿ?" ಎಂದು ಪಾಲಣ್ಣ ಇಬ್ಬರನ್ನೂ ಕೇಳಿದ. ಅವನು ಮಾಡದೇ ಇದ್ದುದನ್ನು ಅವನ ತಲೆಗೆ ತುಂಬಿದವನು ಎದುರಿಗೇ ನಿಂತಿದ್ದ. ಪಾಲಣ್ಣ ಅಂಗಿ ಹಾಕಿಕೊಂಡ. "ಇದನ್ನ ಅವ್ವಾರ ಮುಂದ ಹೇಳ್ತಿ?"

"ಹೇಳ್ತೀನಿ. ನಡಿ."

ಕೊಟ್ಟೂರಿನ ಮನೆಯ ಪಡಸಾಲೆಯಲ್ಲಿ ತಾಯಿ ಮಗ ಇಬ್ಬರೂ ಇದ್ದರು. ಪಾಲಣ್ಣನನ್ನು ನೋಡಿ ಕಲ್ಯಾಣಮ್ಮ ಮುಖ ತಿರುಗಿಸಿದರು. ಅಮ್ಜದನ ಹಿಂದೆ ಅವನಿರುವುದನ್ನು ಕಂಡು ಸಾಹುಕಾರ ಕಣ್ಣಲ್ಲೇ ಬೇಡವೆಂದ. ಅಮ್ಜದ್ ನೆಲ ನೋಡಿಕೊಂಡು ಹೇಳಿದ.

"ಅವ್ವಾರ, ಪೆಟ್ರೋಲ್ ಸರಿ ಇತ್ರಿ. ಪಾಲಣ್ಣನ ತಪ್ಪಿಲ್ಲ. ಆಯುಧಪೂಜಿ ದಿನ ನಾನು ಗಾಳಿ ಕೊಳವಿಗಿ ಹೂ ಸಿಗಸಿದ್ದೆ. ದಂಟು ಒಳಗ ಉಳಿದು ಇಂಜಿನ್ ನಿಲ್ಲಾಕ ಹತ್ತಿತ್ತು. ನಾ ಮಾಡಿದ್ದನ್ನ ಇವನ ಮ್ಯಾಲೆ ಹಾಕೀನ್ರಿ."

ಸಿಗಿಸಲು ಹೇಳಿದವರು ಯಾರೆಂದು ಅವನು ಹೇಳಲಿಲ್ಲ.

"ಸಿಗಸು ಅಂದಾಕಿ ನಾನಲ್ಲೇನೋ," ಎಂದರು ಕಲ್ಯಾಣಮ್ಮ. ಮಗನ ಕಡೆ ತಿರುಗಿದರು. "ನಿನಗ ಯಾವಾಗ ಗೊತ್ತಾತು?"

"ಶುಕ್ರವಾರ."

"ಶುಕ್ರವಾರ ಗೊತ್ತಿತ್ತು. ಐತವಾರ ನಾ ಮೂವತ್ತು ಮಂದಿ ಮುಂದ ಇವನ್ನ ಬೈಯೂ ಮುಂದ ಪಕ್ಕದಾಗಾ ನಿಂತಿದ್ದಿ."

ಕಲ್ಯಾಣಮ್ಮ ಎದ್ದು ಪಾಲಣ್ಣನ ಮುಂದೆ ಬಂದು ನಿಂತರು. ಕೈ ಜೋಡಿಸಿದರು. "ನನ್ನ ಬಾಯಿಗಿ ಏನು ಹೇಳ್ಲೆಪ್ಪ. ನಿನ್ನ ಹೆಸರು ಎಲ್ಲೆಲ್ಲಿ ಕೆಡಿಸೀನಿ ಅಲ್ಲೆಲ್ಲಾ ನಾನಾ ಹೋಗಿ ಹೇಳಿ ಬರ್ತೀನಿ. ನಾಳಿಯಿಂದ ಬಾ."

"ಬರ್ತೀನ್ರಿ ಅವ್ವಾರ," ಎಂದ ಪಾಲಣ್ಣ. "ಆದ್ರ ನಾ ಸೋಸೂ ಮುಂದ ಅಮ್ಜದ್ ಬಾಜೂಕ ನಿಂತು ನೋಡ್ಬೇಕ್ರಿ. ಒಬ್ಬನಾ ಸೋಸಂಗಿಲ್ಲ."

ಮಂಗಳವಾರ ಬೆಳಿಗ್ಗೆ ಶೆಡ್ಡಿನಲ್ಲಿ ಎರಡು ಡ್ರಮ್ಮು ಕಾಯುತ್ತಿದ್ದವು. ಪಾಲಣ್ಣ ತೊಗಲನ್ನು ಪೆಟ್ರೋಲಿನಲ್ಲಿ ನೆನೆಸಿ, ಹಿಂಡಿ, ಅಮ್ಜದನ ಮುಖದ ಮುಂದೆ ಹಿಡಿದ. "ನೀರು ಐತೇನು ನೋಡು." ಇಲ್ಲ ಎಂದ ಅಮ್ಜದ್. ಲಾಳಿಕೆಗೆ ಹಾಸಿ, "ಸರಿ ಹಾಸೀನೇನು?" ಸರಿ ಐತಿ. ಒಂದೊಂದು ಕ್ಯಾನು ಸುರಿಯುವಾಗಲೂ ನಿಲ್ಲಿಸಿ ಕೇಳುತ್ತಿದ್ದ. ಮೊದಲು ಮಾತಾಡಿಸಿದರೂ ಮಾತಾಡದೆ ಕೆಲಸ ಮಾಡುತ್ತಿದ್ದ ಮನುಷ್ಯ. ಗ್ಯಾರೇಜಿನಿಂದ ಎರಡು ಸಲ ಕರೆ ಬಂತು, ಅಮ್ಜದ್ ಕದಲಲಿಲ್ಲ. ಬಿಸಿಲು ಏರಿತು. ಮೊದಲ ಡ್ರಮ್ಮು ಮುಗಿದಾಗ ಪಾಲಣ್ಣ ಗಾಜಿನ ಬಟ್ಟಲಿಗೆ ಪೆಟ್ರೋಲು ಹಿಡಿದು ಬೆಳಕಿಗೆ ಎತ್ತಿದ.

"ಒಂದು ಹನೀನೂ ಇಲ್ಲ ಮಾಮ," ಎಂದ ಅಮ್ಜದ್. "ನಿನ್ನ ಕೈಯಾಗ ಯಾವ ತಪ್ಪೂ ಇಲ್ಲ. ನಾ ಹೇಳ್ತೀನಲ್ಲ."

ಪಾಲಣ್ಣ ಬಟ್ಟಲನ್ನು ಇನ್ನೂ ನೋಡುತ್ತಲೇ ಇದ್ದ.

"ಆವತ್ತೂ ನೀ ಇಷ್ಟಾ ಗಟ್ಟಿಯಾಗಿ ಹೇಳಿದ್ದೆಲ್ಲೋ," ಎಂದ. ಬಟ್ಟಲು ಕೆಳಗಿಟ್ಟು ಎರಡನೇ ಡ್ರಮ್ಮಿನ ಮುಚ್ಚಳಕ್ಕೆ ಕೈ ಹಾಕಿದ.